ಬರ್ತೀನಿ ಎಂಬ ರಾಜೀನಾಮೆ

ಜನವರಿ 10

ಅಪ್ಪಾ,

ಏಳು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಬೈಯಬೇಡ. ಫೋನ್ ಮಾಡಿದರೆ ನಿನಗೆ ಕೇಳಿಸುವುದಿಲ್ಲ. ಜೀವಮಾನವೆಲ್ಲ ಅಚ್ಚಿನ ಯಂತ್ರದ ಪಕ್ಕ ಕೂತು ಕರಡು ತಿದ್ದಿದ ಕಿವಿ ಅದು. ನಾನು ಕಿರುಚಿದ್ದು ಅಕ್ಕಪಕ್ಕದ ಮನೆಗೆಲ್ಲ ಕೇಳಿಸುತ್ತದೆ, ನಿನಗೊಬ್ಬನಿಗೆ ಕೇಳಿಸುವುದಿಲ್ಲ. ಅದಕ್ಕೇ ಕಾಗದ.

ಸುತ್ತಿ ಬಳಸಿ ಹೇಳುವುದಿಲ್ಲ. ತಂಡದವರು ನನ್ನನ್ನು ಬಿಟ್ಟಿದ್ದಾರೆ.

ನಿನ್ನೆ ಬೆಳಗಿನ ಅಬ್ಯಾಸ ಮುಗಿಸಿ ಗ್ಲೌಸ್ ಬಿಚ್ಚುತ್ತಿದ್ದೆ. ಕ್ಲಬ್ಬಿನ ಕಾರ್ಯದರ್ಶಿ ಕರೆಸಿದರು. ಗೆದ್ದ ಕಪ್‌ಗಳನ್ನೆಲ್ಲ ಗಾಜಿನ ಬೀರುವಿನಲ್ಲಿ ಇಟ್ಟಿರುವ ಕೋಣೆ. ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆಗೆ ತಳ್ಳಿದರು. ಆಗಲೇ ನನಗೆ ವಾಸನೆ ಬಡಿಯಿತು. ಐದು ವರ್ಷದಲ್ಲಿ ಆ ಮನುಷ್ಯ ಯಾರಿಗೂ ಬಿಸ್ಕತ್ತು ಕೊಟ್ಟದ್ದು ನಾನು ಕಂಡಿಲ್ಲ.

"ನೋಡಮ್ಮ, ಹೊಸ ಕೋಚ್‌ಗೆ ಎತ್ತರದ ಗೋಲ್‌ಕೀಪರ್ ಬೇಕಂತೆ. ನಿನ್ನದೇನೂ ತಪ್ಪಿಲ್ಲ. ನಿನ್ನನ್ನ ಬಿಡ್ತಾ ಇದೀವಿ, ಅಷ್ಟೇ," ಅಂದರು.

ಐದು ವರ್ಷದ ಹಿಂದೆ ಕರೆದುಕೊಂಡಾಗ ನಾನೇನು ತೆಂಗಿನ ಮರದಷ್ಟು ಎತ್ತರ ಇದ್ದೆನಾ?

ನನ್ನ ಕರಾರು ಬರುವ ವರ್ಷ ಜೂನ್ ಮೂವತ್ತರವರೆಗೆ ಇದೆ. ಇನ್ನೂ ಸುಮಾರು ಹದಿನೆಂಟು ತಿಂಗಳು. ಅವರು ಒಂದು ಕಾಗದ ಕೊಟ್ಟಿದ್ದಾರೆ. ಅದಕ್ಕೆ ಸಹಿ ಹಾಕಿದರೆ ಮೂರು ತಿಂಗಳ ಸಂಬಳ, ಜೊತೆಗೆ ಬಿಡುಗಡೆ ಪತ್ರ. ಆ ಪತ್ರ ಇಲ್ಲದೆ ಬೇರೆ ಯಾವ ತಂಡವೂ ನನ್ನ ಹೆಸರು ನೋಂದಾಯಿಸುವ ಹಾಗಿಲ್ಲ. ನೋಂದಣಿಯ ಗಡುವು ಈ ತಿಂಗಳ ಕೊನೆ. ಅದು ದಾಟಿದರೆ ಜುಲೈವರೆಗೆ ಬಾಗಿಲು ಮುಚ್ಚಿದಂತೆ. ಎರಡನೇ ದರ್ಜೆಯ ಒಂದು ತಂಡ ನನ್ನನ್ನು ಕೇಳಿದೆ. ಹಾಗಾಗಿ ಸಹಿ ಹಾಕೋಣ ಅಂತಿದ್ದೇನೆ.

ಮನೆಗೆ ಬಂದು ಕಾರ್ಯದರ್ಶಿಗೆ ಒಂದು ಮೆಸೇಜ್ ಹಾಕಿದೆ. "ಆಯ್ತು ಸಾರ್. ಇಷ್ಟು ದಿನ ನೋಡಿಕೊಂಡಿದ್ದಕ್ಕೆ ಥ್ಯಾಂಕ್ಸ್. ಎಲ್ಲರಿಗೂ ಹೇಳಿಬಿಡಿ. ಬರ್ತೀನಿ." ಮುಖಕ್ಕೆ ಹೊಡೆದ ಹಾಗೆ ಎದ್ದು ಹೋಗಬಾರದು ಅಂತ ಅಮ್ಮ ಕಲಿಸಿದ ಮರ್ಯಾದೆ. ಬಿಸ್ಕತ್ತು ಮಾತ್ರ ತಿನ್ನಲಿಲ್ಲ.

ನಿನಗೆ ತಿಳಿದಿರಲಿ ಅಂತ ಬರೆದೆ, ಬೇರೇನೂ ಇಲ್ಲ.

ನಿನ್ನ ಮಗಳು


ಜನವರಿ 15

ಮಗಳೇ,

ನಿನ್ನ ಕಾಗದದಲ್ಲಿ ಒಂದೇ ಒಂದು ತಪ್ಪು. ಸುಧಾರಿಸಿದ್ದೀಯ. ಕೆಂಪು ಶಾಯಿಯಲ್ಲಿ ತಿದ್ದಿ ಇದರ ಜೊತೆ ವಾಪಸ್ ಕಳಿಸಿದ್ದೇನೆ. ಅಭ್ಯಾಸಕ್ಕೆ ಮಹಾಪ್ರಾಣದ ಭ. ಹದಿನಾಲ್ಕು ವರ್ಷದಿಂದ ದಿನಾ ಮಾಡುತ್ತಿರುವ ಕೆಲಸದ ಹೆಸರನ್ನಾದರೂ ನೆಟ್ಟಗೆ ಬರೆ.

ಈಗ ನಾನು ಹೇಳುವುದನ್ನು ಕೇಳು. ಸಹಿ ಹಾಕಬೇಡ. ಆ ಕಾಗದದ ನಕಲು ಕಳಿಸು.

ಈಗಿನ ನನ್ನ ಕೆಲಸ ನಿನಗೆ ಗೊತ್ತಲ್ಲ, ಔಷಧಿ ಶೀಶೆಗಳ ಲೇಬಲ್ ಓದುವುದು. ಅಕ್ಷರ ಇರುವೆ ಗಾತ್ರ, ಸಂಬಳವೂ ಅಷ್ಟೇ. ಹೋದ ವಾರ ಒಂದು ಕೆಮ್ಮಿನ ಔಷಧಿಯ ಲೇಬಲ್ ಬಂತು. "ಮಕ್ಕಳ ಕೈಗೆ ಸಿಗುವಂತೆ ಇಡಿ" ಎಂದಿತ್ತು. "ಸಿಗದಂತೆ" ಆಗಬೇಕಿತ್ತು. ದ ಹೋಗಿ ವ ಬಂದು ಕೂತಿತ್ತು, ಗಕಾರಕ್ಕೊಂದು ಕೊಂಬು, ಅಷ್ಟೇ. ಐವತ್ತು ಸಾವಿರ ಪ್ರತಿ ಅಚ್ಚಾಗಬೇಕಿತ್ತು. ನಾನು ಕೂಗಿದ ಕೂಗಿಗೆ ಯಂತ್ರ ನಿಲ್ಲಿಸಿದರು. ಯಜಮಾನರ ಮಗ, "ಏನ್ ಸಾರ್, ಒಂದಕ್ಷರಕ್ಕೆ ಇಷ್ಟು ರಾದ್ಧಾಂತ!" ಅಂದ. ನಾನು, "ನಿನ್ನ ಮಗೂನ ಕೇಳು ಹೋಗಪ್ಪ," ಅಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಹಿ ಹಾಕಿದರೆ ಎರಡೂ ಹೋಯಿತು. ನಕಲು ಕಳಿಸು.

ಅಪ್ಪ


ಜನವರಿ 19

ಅಪ್ಪಾ,

ನನ್ನ ಹೊಟ್ಟೆ ಉರಿಯುತ್ತಿದೆ, ನಿನಗೆ ಮಹಾಪ್ರಾಣದ ಚಿಂತೆ. ಬೇರೆ ಅಪ್ಪಂದಿರು ಮಗಳ ಕೆಲಸ ಹೋದರೆ "ಊಟ ಮಾಡಿದೆಯಾ" ಅಂತ ಕೇಳುತ್ತಾರೆ.

ನಕಲು ಇದರೊಳಗಿದೆ. ಓದು, ತಿದ್ದು, ಏನು ಬೇಕಾದರೂ ಮಾಡು. ಆದರೆ ಸಹಿ ಹಾಕಬೇಡ ಅನ್ನುವುದು ಸುಲಭ. ಗೋಲ್‌ಕೀಪರಿಗೆ ಮೂವತ್ತೊಂದು ದೊಡ್ಡ ವಯಸ್ಸಲ್ಲ ನಿಜ, ಆದರೆ ಅರ್ಧ ವರ್ಷ ಬೆಂಚೂ ಕಾಣದೆ ಕೂತವಳನ್ನು ಯಾರು ಕರೆಯುತ್ತಾರೆ? ಈ ಮನೆ ಕ್ಲಬ್ಬಿನದು. ಕೀಲಿ ಯಾವತ್ತು ಕೊಡುತ್ತೀಯ ಅಂತ ಎರಡು ಸಲ ಕೇಳಿದ್ದಾರೆ. ಕೈಗೆ ಬರುವ ಮೂರು ತಿಂಗಳ ಸಂಬಳ ಬಿಟ್ಟು ಹದಿನೆಂಟು ತಿಂಗಳದ್ದಕ್ಕೆ ಬಾಯಿ ಬಿಟ್ಟುಕೊಂಡು ಕೂರಲಾ?

ಹಟ ನಿನಗೆ ಒಗ್ಗುತ್ತದೆ. ನನಗೆ ಒಗ್ಗುವುದಿಲ್ಲ. ಸ್ವಾಭಿಮಾನ ಅಂತ ಯಜಮಾನರ ಮುಖದ ಮೇಲೆ ಕೆಲಸ ಎಸೆದು ಬಂದವನು ನೀನು. ಆಮೇಲೆ ಏನಾಯಿತು? ಅಮ್ಮ ಕಂಡವರ ಬಟ್ಟೆ ಹೊಲಿದು ಬೆನ್ನು ಬಗ್ಗಿಸಿಕೊಂಡಳು. ನಾನು ಓದು ಬಿಟ್ಟು, ಊಟ ಹಾಕಿ ಕೈಗಿಷ್ಟು ಕೊಡುವ ತಂಡ ಹುಡುಕಿಕೊಂಡು ಹದಿನೇಳಕ್ಕೆ ಮನೆ ಬಿಟ್ಟೆ. ನಿನ್ನ ಒಂದು ದಿನದ ಪೌರುಷಕ್ಕೆ ನಾವಿಬ್ಬರೂ ಬೆಲೆ ತೆತ್ತೆವು. ಇದನ್ನು ಅಮ್ಮ ಹೋದಾಗಲೇ ಹೇಳಬೇಕಿತ್ತು. ಮೂರು ವರ್ಷ ತಡವಾಯಿತು.

ಇಪ್ಪತ್ತೊಂಬತ್ತನೇ ತಾರೀಖು ಸಹಿ ಹಾಕುತ್ತೇನೆ.

ಅಭ್ಯಾಸ. ಅಭ್ಯಾಸ. ಅಭ್ಯಾಸ. ಸರಿಯಾಯಿತಾ?

ನಾನು


ಜನವರಿ 22

ಮಗಳೇ,

ಊಟ ಮಾಡಿದೆಯಾ?

ಕಾಗದವನ್ನು ಮೂರು ಸಲ ಓದಿದೆ. ಎರಡು ಪುಟ ಇದೆ, ವಿಷ ಮೂರನೇ ಸಾಲಿನಲ್ಲಿದೆ. "ಆಟಗಾರ್ತಿಯ ಕೋರಿಕೆಯ ಮೇರೆಗೆ, ಉಭಯ ಪಕ್ಷಗಳ ಸಮ್ಮತಿಯಿಂದ ಕರಾರನ್ನು ಕೊನೆಗೊಳಿಸಲಾಗಿದೆ." ನೀನು ಕೋರಿದೆಯಾ? "ಬಿಡ್ತಾ ಇದೀವಿ" ಅಂದದ್ದು ಅವರು. ಬಿಡುವುದು ಬೇರೆ, ಬಿಟ್ಟು ಹೋಗುವುದು ಬೇರೆ. ಅವರು ಮಾಡಿದ್ದನ್ನು ನೀನು ಮಾಡಿದೆ ಅಂತ ನಿನ್ನ ಕೈಯಲ್ಲೇ ಬರೆಸಿಕೊಳ್ಳುತ್ತಿದ್ದಾರೆ. ಅದಕ್ಕೆ ಮೂರು ತಿಂಗಳ ಸಂಬಳ ಕೂಲಿ.

ಇದು ನನಗೆ ಹೇಗೆ ಗೊತ್ತು ಅಂತ ಹೇಳಬೇಕು. ಹದಿನಾರು ವರ್ಷ ಹೇಳಲಿಲ್ಲ.

ನಾನು ಕೆಲಸ ಎಸೆದು ಬರಲಿಲ್ಲ. ನನ್ನನ್ನು ತೆಗೆದರು. ಅಚ್ಚುಕೂಟಕ್ಕೆ ಹೊಸ ಯಂತ್ರ ಬಂತು, ಹಳೆಯ ನಾಲ್ವರು ಬೇಡವಾದೆವು. ಯಜಮಾನರು ಒಳಗೆ ಕರೆದು ಹೆಗಲ ಮೇಲೆ ಕೈ ಹಾಕಿದರು. "ನಾವೆಲ್ಲ ಒಂದೇ ಮನೆಯವರು ಕಣಯ್ಯ. ತೆಗೆದುಹಾಕಿದ್ರು ಅಂತ ಯಾಕೆ ಅನ್ನಿಸ್ಕೋತೀಯ? ನೀನೇ ಬಿಟ್ಟೆ ಅಂದ್ರೆ ನಿನಗೇ ಮರ್ಯಾದೆ ಅಲ್ವಾ?" ಅಂದರು. ಮುಂದೆ ಒಂದು ಕಾಗದ ಇಟ್ಟರು. ಅದರಲ್ಲಿ "ಸ್ವಇಚ್ಚೆಯಿಂದ ರಾಜೀನಾಮೆ ನೀಡುತ್ತಿದ್ದೇನೆ" ಎಂದಿತ್ತು. ಚಕಾರಕ್ಕೆ ಬರೀ ಚ ಒತ್ತು. ಅಲ್ಲಿ ಮಹಾಪ್ರಾಣದ ಒತ್ತು ಬರಬೇಕು.

ನಾನು ಏನು ಮಾಡಿದೆ ಗೊತ್ತೇ? ಜೇಬಿನಿಂದ ಕೆಂಪು ಪೆನ್ನು ತೆಗೆದು ಒತ್ತಕ್ಷರ ತಿದ್ದಿದೆ. "ಇಚ್ಛೆ" ಎಂದು ಮಾಡಿದೆ. ಆಮೇಲೆ ಸಹಿ ಹಾಕಿದೆ.

ಕಾಗುಣಿತದ ತಪ್ಪು ತಿದ್ದಿದೆ, ಮಗಳೇ. ಸುಳ್ಳನ್ನು ಹಾಗೇ ಬಿಟ್ಟೆ. ತೆಗೆದುಹಾಕಿದವರಿಗೆ ಪರಿಹಾರ ಕೊಡಬೇಕಂತೆ, ತಾವಾಗಿ ಬಿಟ್ಟವರಿಗೆ ಏನೂ ಇಲ್ಲವಂತೆ. ನನಗೆ ತಿಳಿದದ್ದು ಒಂದು ತಿಂಗಳಾದ ಮೇಲೆ. ಉಳಿದ ಮೂವರು ಸಹಿ ಹಾಕಿರಲಿಲ್ಲ. ಅವರಿಗೆ ಸಿಕ್ಕಿತು.

ನಿಮ್ಮಮ್ಮ "ಮಹಾರಾಜರು ಕೆಲಸ ಬಿಟ್ಟು ಬಂದರು" ಅಂತ ಬೈಯುತ್ತಿದ್ದಳು. ನಾನು ಸುಮ್ಮನಿದ್ದೆ. ಜಗತ್ತಿನ ತಪ್ಪೆಲ್ಲ ಹುಡುಕುವವನು ತನ್ನ ಕಾಗದದಲ್ಲೇ ಮೋಸ ಹೋದ ಅಂತ ಹೇಗೆ ಹೇಳಲಿ? ದಡ್ಡ ಅನ್ನಿಸಿಕೊಳ್ಳುವುದಕ್ಕಿಂತ ಜಂಬಗಾರ ಅನ್ನಿಸಿಕೊಳ್ಳುವುದು ಮೇಲು ಎನ್ನಿಸಿತು. ಅವಳು ಹಾಗೇ ನಂಬಿಕೊಂಡು ಹೋದಳು. ನೀನೂ ನಂಬಿದೆ.

ಆಟಗಾರರಿಗೊಂದು ಸಂಘ ಇರುತ್ತದಲ್ಲ, ಅಲ್ಲಿಗೆ ಹೋಗು. ಮೊದಲು ಹೋಗು, ಆಮೇಲೆ ನನ್ನ ಮೇಲೆ ಸಿಟ್ಟು ಮಾಡು.

ಅಪ್ಪ


ಜನವರಿ 30

ಅಪ್ಪಾ,

ನಿನ್ನ ಕಾಗದ ಬಂದು ಐದು ದಿನವಾಯಿತು. ಉತ್ತರ ಬರೆಯಲು ಕೂತರೆ ಅಮ್ಮನ ಹೊಲಿಗೆ ಯಂತ್ರದ ಸದ್ದೇ ಕೇಳಿಸುತ್ತಿತ್ತು. ಆ ವಿಷಯ ಈಗ ಬೇಡ. ಎದುರು ಕೂತು ಮಾತಾಡುವ ವಿಷಯ ಅದು.

ಸಹಿ ಹಾಕಲಿಲ್ಲ.

ಸಂಘಕ್ಕೆ ಹೋಗಿದ್ದೆ. ಚಪ್ಪಲಿ ಅಂಗಡಿಯ ಮೇಲಿನ ಒಂದು ಕೋಣೆ, ಫ್ಯಾನ್ ತಿರುಗುವುದಕ್ಕಿಂತ ಹೆಚ್ಚು ನರಳುತ್ತದೆ. ಅಲ್ಲಿನ ವಕೀಲೆ ನನಗಿಂತ ಚಿಕ್ಕವಳು. ಕಾಗದ ನೋಡಿ, "ಇದನ್ನ ಓದಬೇಕು ಅಂತ ನಿಮಗೆ ಯಾರು ಹೇಳಿದ್ದು?" ಅಂದಳು. "ನಮ್ಮಪ್ಪ," ಅಂದೆ. "ಲಾಯರಾ?" ಅಂದಳು. "ಅಲ್ಲ, ಕೆಮ್ಮಿನ ಔಷಧಿ ಇಲಾಖೆ," ಅಂದೆ.

ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಕರಾರು ಇರೋವಾಗ ತಂಡ ತಾನಾಗಿ ಬಿಟ್ರೆ, ಉಳಿದ ತಿಂಗಳುಗಳ ಸಂಬಳ ಅವರ ತಲೆ ಮೇಲೇ ಇರುತ್ತೆ. ಪಂದ್ಯಕ್ಕಿಷ್ಟು ಅಂತ ಕೊಡೋ ಬೋನಸ್ ಸಿಗಲ್ಲ, ಮೂಲ ಸಂಬಳ ಸಿಗುತ್ತೆ. ಮಧ್ಯ ಬೇರೆ ಕಡೆ ದುಡಿದ್ರೆ ಅದನ್ನ ಕಳೀತಾರೆ. ಇವರದು ಹತ್ತು, ಹೊಸಬರದು ನಾಲ್ಕು ಅಂದ್ರೆ, ಇವರು ಆರು ಕೊಡ್ಬೇಕು. ನೀವಾಗೇ ಬಿಟ್ಟು ಹೋದ್ರೆ ಸೊನ್ನೆ."

ನಾನು, "ಹಾಗಾದ್ರೆ ನಾನು ದುಡಿದ್ರೆ ಲಾಭ ಅವರಿಗಾ?" ಅಂದೆ. ಅವಳು ನಕ್ಕಳು. "ಅವರಿಗೆ ಉಳಿತಾಯ, ನಿಮಗೆ ಆಟ. ಸುಮ್ನೆ ಕೂತ್ರೆ, ಕೆಲಸ ಹುಡುಕೋ ಮನಸ್ಸೇ ಇರಲಿಲ್ಲ ಅಂತ ಅದಕ್ಕೂ ಕಳೀತಾರೆ."

ಆಮೇಲೆ ಒಂದು ಮುಖ್ಯ ಮಾತು ಹೇಳಿದಳು. ನಾನು ಕೆಲಸಕ್ಕೆ ಸಿದ್ಧಳಿದ್ದೇನೆ ಎಂದು ದಿನಾ ತೋರಿಸಬೇಕು. ಅಭ್ಯಾಸಕ್ಕೆ ದಿನಾ ಹೋಗಬೇಕು. ಒಂದು ದಿನ ತಪ್ಪಿಸಿದರೂ "ಓಡಿಹೋದಳು" ಅನ್ನುತ್ತಾರೆ.

ಕಾರ್ಯದರ್ಶಿಗೆ ಸಹಿ ಹಾಕುವುದಿಲ್ಲ ಅಂದೆ. "ಹಾಗಾದ್ರೆ ಬಿಡುಗಡೆ ಪತ್ರಾನ ಕನಸಲ್ಲಿ ನೋಡ್ಕೋ," ಅಂದರು. ಈ ಸಲ ಬಿಸ್ಕತ್ತಿರಲಿಲ್ಲ.

ಗಡುವು ನಾಳೆಗೆ ಮುಗಿಯುತ್ತದೆ. ಎರಡನೇ ದರ್ಜೆಯ ತಂಡದವರು ಬೇರೆ ಕೀಪರನ್ನು ನೋಡಿಕೊಂಡರು. ಆದರೂ ನಾಳೆ ಬೆಳಿಗ್ಗೆ ಏಳೂವರೆಗೆ ಮೈದಾನದ ಗೇಟಿನಲ್ಲಿ ಇರುತ್ತೇನೆ.

ಊಟ ಮಾಡಿದೆ.

ನಿನ್ನ ಮಗಳು


ಫೆಬ್ರವರಿ 16

ಅಪ್ಪಾ,

ಕ್ಲಬ್ಬಿನ ಮನೆ ಖಾಲಿ ಮಾಡಿ ಒಂದು ಲಾಂಡ್ರಿಯ ಮೇಲಿನ ಕೋಣೆಗೆ ಬಂದಿದ್ದೇನೆ. ಕೆಳಗಿನಿಂದ ಇಸ್ತ್ರಿಯ ಬಿಸಿ ಬರುತ್ತದೆ. ಚಳಿಗೆ ಹಿತ, ಬೇಸಿಗೆಗೆ ದೇವರೇ ಗತಿ. ಮೇಲಿನ ವಿಳಾಸ ಬರೆದುಕೊ.

ಮೊದಲ ವಾರ ಒಳಗೆ ಬಿಟ್ಟರು. ತಂಡದ ಜೊತೆ ಸೇರಿಸಲಿಲ್ಲ, ಮೂಲೆಯಲ್ಲಿ ಗೋಡೆಗೆ ಚೆಂಡು ಒದ್ದುಕೊಂಡು ಹಿಡಿದುಕೊಂಡೆ. ಎರಡನೇ ವಾರ ಗೇಟಿನಲ್ಲೇ ತಡೆದರು. ಗೇಟು ಕಾಯುವ ಹೆಂಗಸನ್ನು ನಾವೆಲ್ಲ ಗೇಟಕ್ಕ ಅನ್ನುತ್ತೇವೆ. ಐದು ವರ್ಷ ದಿನಾ ನನ್ನ ನೋಡಿ ನಗುತ್ತಿದ್ದವಳು, ಅವತ್ತು ತಲೆ ತಗ್ಗಿಸಿ, "ನಿನ್ನ ಬಿಡಬೇಡ ಅಂದಿದಾರೆ ಕಣಮ್ಮ," ಅಂದಳು.

"ಬಿಡಬೇಡಿ ಅಕ್ಕ. ಆದ್ರೆ ನಾನು ಬಂದಿದ್ದೆ ಅಂತ ಬರ್ಕೊಳ್ತೀರಾ?" ಅಂದೆ.

ಅವಳು ತಲೆ ಎತ್ತಿದಳು. "ನನಗೆ ಹೇಳಿರೋದು ಒಳಗೆ ಬಿಡಬೇಡ ಅಂತ. ಬರೀಬೇಡ ಅಂತ ಯಾರೂ ಹೇಳಿಲ್ಲ," ಅಂದು, ಒಳಗೆ ಹೋಗುವವರೆಲ್ಲ ದಿನಾ ಸಹಿ ಹಾಕುವ ದಪ್ಪ ಪುಸ್ತಕ ತೆಗೆದಳು. ಅಂದಿನಿಂದ ದಿನಾ ಅದೇ. "ಏಳೂವರೆಗೆ ಬಂದರು. ಒಳಗೆ ಬಿಡಲಿಲ್ಲ." ಪಕ್ಕದಲ್ಲಿ ನನ್ನ ಸಹಿ. ಅಲ್ಲಿಂದ ಬೀದಿಯ ಆಚೆ ಇರುವ ಖಾಲಿ ಜಾಗದಲ್ಲಿ ಒಂದೂವರೆ ತಾಸು ಬೆವರು ಸುರಿಸುತ್ತೇನೆ. ಹಳೆಯ ಗೆಳತಿಯರು ಬಸ್ಸಿನಿಂದ ಇಳಿದು ನನ್ನನ್ನು ನೋಡದವರಂತೆ ಒಳಗೆ ಹೋಗುತ್ತಾರೆ. ಅವರ ಮೇಲೆ ಸಿಟ್ಟಿಲ್ಲ, ಅವರಿಗೂ ಕರಾರಿದೆ.

ಸಂಜೆ ಒಂದು ಶಾಲೆಯ ಹುಡುಗಿಯರಿಗೆ ಗೋಲ್‌ಕೀಪಿಂಗ್ ಹೇಳಿಕೊಡುತ್ತೇನೆ. ಅದರ ಸಂಬಳವನ್ನೂ ವಕೀಲೆಗೆ ಹೇಳಿದೆ, ಕಳೆಯುವ ಲೆಕ್ಕಕ್ಕೆ ಸೇರಿಸಿ ಅಂತ. "ಇದನ್ನ ಯಾರೂ ಹೇಳಲ್ಲ," ಅಂದಳು. ಮುಚ್ಚಿಟ್ಟದ್ದು ಹದಿನಾರು ವರ್ಷ ಕಾಡುತ್ತದೆ ಅಂತ ನಮ್ಮ ಮನೆಯಲ್ಲಿ ಒಬ್ಬರು ಕಲಿತಿದ್ದಾರಲ್ಲ.

ಇದು ಚುಚ್ಚುಮಾತಲ್ಲ, ತಮಾಷೆ. ನಗು.

ನಿನ್ನ ಮಗಳು


ಫೆಬ್ರವರಿ 21

ಮಗಳೇ,

ನಕ್ಕೆ. ಸ್ವಲ್ಪ ಚುಚ್ಚಿತು ಕೂಡ. ಎರಡೂ ಇರಲಿ.

ಆ ಗೇಟಕ್ಕನಿಗೆ ನನ್ನ ನಮಸ್ಕಾರ ಹೇಳು. ಇಷ್ಟು ವರ್ಷದಲ್ಲಿ ಅಷ್ಟು ಚೊಕ್ಕವಾದ ಎರಡು ವಾಕ್ಯ ಬರೆದವರನ್ನು ನಾನು ಕಂಡಿಲ್ಲ. "ಬಂದರು. ಬಿಡಲಿಲ್ಲ." ತಿದ್ದಲು ಏನೂ ಇಲ್ಲ.

ಏಳೂವರೆ ಅಂದರೆ ಏಳೂವರೆ. ಏಳು ಮೂವತ್ತೊಂದು ಆಗಬಾರದು. ಜ್ವರ ಬಂದರೂ ಹೋಗು. ಗೇಟಿನ ಮುಂದೆ ಕೆಮ್ಮು ಬಂದರೆ ಔಷಧಿಗೆ ನಾನಿದ್ದೇನೆ.

ಅಪ್ಪ


ಮಾರ್ಚ್ 29

ಅಪ್ಪಾ,

ಕೆಟ್ಟ ಸುದ್ದಿ. ಆಟಗಾರರ ತಕರಾರು ಕೇಳುವ ಮಂಡಳಿಗೆ ದೂರು ಕೊಟ್ಟಿದ್ದೆವಲ್ಲ, ಅದಕ್ಕೆ ಕ್ಲಬ್ಬಿನ ಉತ್ತರ ಬಂದಿದೆ. ನಾವು ಅವಳನ್ನು ಬಿಡಲೇ ಇಲ್ಲ, ಜನವರಿ ಒಂಬತ್ತರಂದು ಅವಳೇ ರಾಜೀನಾಮೆ ಕೊಟ್ಟಳು, ಗೇಟಿಗೆ ಬಂದದ್ದೆಲ್ಲ ಆಮೇಲೆ ಹೂಡಿದ ನಾಟಕ ಅನ್ನುತ್ತಾರೆ. ಸಾಕ್ಷಿ ಏನು ಗೊತ್ತಾ? ನನ್ನ ಮೆಸೇಜು. "ಥ್ಯಾಂಕ್ಸ್. ಎಲ್ಲರಿಗೂ ಹೇಳಿಬಿಡಿ. ಬರ್ತೀನಿ."

"ಬರ್ತೀನಿ ಎಂಬುದು ಬೀಳ್ಕೊಳ್ಳುವ ಮಾತು. ಆಟಗಾರ್ತಿ ತಾನಾಗಿ ಬೀಳ್ಕೊಂಡಿದ್ದಾಳೆ." ಹಾಗಂತ ಅಚ್ಚು ಹಾಕಿಸಿದ್ದಾರೆ. ಕಾರ್ಯದರ್ಶಿ ಕೋಣೆಯಲ್ಲಿ ಹೇಳಿದ್ದಕ್ಕೆ ಕಾಗದ ಪತ್ರ ಇಲ್ಲ. ನಾನು ಹೇಳಿದ್ದಕ್ಕೆ ಇದೆ. ವಕೀಲೆಯ ಮುಖವೂ ಸಪ್ಪಗಾಯಿತು. "ಇದೊಂದನ್ನ ಹಾಕಬಾರದಿತ್ತು," ಅಂದಳು.

ಕಾಗದಕ್ಕೆ ಸಹಿ ಹಾಕಬೇಡ ಅಂತ ನೀನು ಹೇಳುವ ಮೊದಲೇ ನಾನು ಸಹಿ ಹಾಕಿಬಿಟ್ಟಿದ್ದೆ ಅಪ್ಪ. ಮರ್ಯಾದೆಗೆ. ನಿನ್ನ ಹಾಗೆಯೇ.

ಇವತ್ತೂ ಏಳೂವರೆಗೆ ಹೋಗಿದ್ದೆ. ಕಾಲು ಹೋಯಿತು, ಮನಸ್ಸು ಹೋಗಲಿಲ್ಲ.

ನಾನು


ಏಪ್ರಿಲ್ 2

ಮಗಳೇ,

ನಿನ್ನ ಕಾಗದ ಬಂದ ಹೊತ್ತಿಗೆ ಕೆಲಸಕ್ಕೆ ಹೊರಟಿದ್ದೆ. ರಜೆ ಹಾಕಿ ಕೂತು ಬರೆಯುತ್ತಿದ್ದೇನೆ. ನಿಮ್ಮಮ್ಮ ಹೋದ ಮೇಲೆ ಇದು ಮೊದಲ ರಜೆ.

ಅವರ ವಕೀಲನಿಗೆ ವ್ಯಾಕರಣ ಬರುವುದಿಲ್ಲ. "ಬರ್ತೀನಿ" ಅಂದರೆ ಏನು? ಬರುತ್ತೇನೆ. ಉತ್ತಮ ಪುರುಷ, ಏಕವಚನ, ಬರುವ ಕ್ರಿಯೆ. ಅದರಲ್ಲಿ ಹೋಗುವುದು ಎಲ್ಲಿದೆ? ನಮ್ಮ ಜನ ಮನೆಯಿಂದ ಹೊರಡುವಾಗ "ಹೋಗ್ತೀನಿ" ಎನ್ನುವುದಿಲ್ಲ. ಆ ಮಾತು ಬಾಯಲ್ಲಿ ಬಂದರೆ ಹಿರಿಯರು "ಹೋಗಿ ಬರ್ತೀನಿ ಅನ್ನು" ಅಂತ ಗದರುತ್ತಾರೆ. ಯಾಕೆ? ಮತ್ತೆ ಬರುವವಳು ಅಂತ ಹೇಳಿಯೇ ಹೊಸ್ತಿಲು ದಾಟಬೇಕು ಅಂತ. ಕೆಲಸ ಬಿಡುವವನು "ಬಿಡ್ತೀನಿ" ಅನ್ನುತ್ತಾನೆ. ನೀನು ಬರ್ತೀನಿ ಅಂದೆ. ಮಾರನೇ ಬೆಳಿಗ್ಗೆ ಬಂದೆಯಾ ಇಲ್ಲವಾ?

ನೀನು ಜನವರಿ ಹತ್ತನೇ ತಾರೀಖು ಅಭ್ಯಾಸಕ್ಕೆ ಹೋಗಿದ್ದೆಯಾ, ಅದನ್ನು ಮೊದಲು ನೋಡು. ಗೇಟಕ್ಕನ ಪುಸ್ತಕದಲ್ಲಿ ಇರಬೇಕು.

ಇನ್ನೊಂದು ಮಾತು ಇದೆ. ಮಂಡಳಿಗೆ ಬೇಡ, ನಿನಗೆ ಮಾತ್ರ.

ಹದಿನಾಲ್ಕು ವರ್ಷದ ಹಿಂದೆ ನೀನು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತೆ. ನಿಮ್ಮಮ್ಮ ಒಳಗಿದ್ದಳು. ನಾನು ಪೇಪರು ಹಿಡಿದು ಕೂತಿದ್ದೆ. ನೀನು "ಹೋಗ್ತೀನಿ" ಅಂದೆ. ಅಷ್ಟೇ ಅಂದೆ. ಆಗಿನ್ನೂ ನನ್ನ ಕಿವಿ ಚೆನ್ನಾಗಿತ್ತು. ಕಂಡವರ ಮಾತನ್ನೆಲ್ಲ ತಿದ್ದುವವನಿಗೆ ಆ ಒಂದು ಮಾತು ತಿದ್ದಲು ಬಾಯಿ ಬರಲಿಲ್ಲ. ಪೇಪರಿನ ಅದೇ ಸಾಲನ್ನು ಸಂಜೆಯವರೆಗೆ ಓದಿದೆ.

ನನಗೆ ಹೇಳದ ಮಾತನ್ನು ಆ ಕಾರ್ಯದರ್ಶಿಗೆ ಹೇಳಿದ್ದೀಯ. ಹೊಟ್ಟೆಕಿಚ್ಚಾಯಿತು.

ನಾಳೆ ಏಳೂವರೆಗೆ ಮನಸ್ಸನ್ನೂ ಕರೆದುಕೊಂಡು ಹೋಗು.

ಅಪ್ಪ


ಮೇ 20

ಅಪ್ಪಾ,

ನಿನ್ನ ಆ ಕಾಗದಕ್ಕೆ ಆಗಲೇ ಉತ್ತರ ಬರೆಯಬೇಕಿತ್ತು. ಬರೆದೆ, ಹರಿದೆ, ಬರೆದೆ, ಹರಿದೆ. ಇರಲಿ, ಇವತ್ತು ಮಂಡಳಿಯ ಕತೆ ಹೇಳುತ್ತೇನೆ. ನಿನ್ನೆ ವಿಚಾರಣೆ ಇತ್ತು.

ಮಂಡಳಿಯ ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ, ಕನ್ನಡಕ ಮೂಗಿನ ತುದಿಯಲ್ಲಿ. ನಮ್ಮ ವಕೀಲೆ ಗೇಟಕ್ಕನ ಪುಸ್ತಕ ಇಟ್ಟಳು. ಗೇಟಕ್ಕ ಖುದ್ದಾಗಿ ಬಂದಿದ್ದಳು. ಕಾರ್ಯದರ್ಶಿ ಕಣ್ಣು ಕೆಂಪಗೆ ಮಾಡಿ ನೋಡಿದರೆ ಅವಳು, "ಏನ್ ಸಾರ್ ನೋಡ್ತೀರಾ, ಬಂದಿದ್ದನ್ನ ಬಂದ್ರು ಅಂತ ಬರ್ದೆ," ಅಂದಳು. ಜನವರಿ ಹತ್ತನೇ ತಾರೀಖಿನ ಪುಟ ತೆಗೆದರು. ಏಳೂವರೆ, ನನ್ನ ಸಹಿ ಇತ್ತು. ಅವತ್ತು ಲಾಕರಿನ ಸಾಮಾನು ತರಲು ಹೋಗಿ, ಅಭ್ಯಾಸಬಲದಿಂದ ಅಭ್ಯಾಸ ಮಾಡಿಯೇ ಬಂದಿದ್ದೆ. ನನಗೇ ಮರೆತುಹೋಗಿತ್ತು.

ಆದರೂ ಅವರ ವಕೀಲ ಮೆಸೇಜನ್ನು ಬಿಡಲಿಲ್ಲ. ಒಂದು ತಾಸು ಅದನ್ನೇ ಜಗಿದ. "ಬರ್ತೀನಿ ಅಂದ್ರೆ ಹೊರಟೆ ಅಂತ ಲೋಕಕ್ಕೇ ಗೊತ್ತು ಮೇಡಂ. ಅದು ಮುಗಿಸೋ ಮಾತು." ನಮ್ಮ ವಕೀಲೆ ನಿನ್ನ ಕಾಗದದ ಸಾಲುಗಳನ್ನು ಓದಿದಳು, ಉತ್ತಮ ಪುರುಷ, ಏಕವಚನ ಎಲ್ಲ. ಅವನು, "ವ್ಯಾಕರಣ ಬೇರೆ, ವ್ಯವಹಾರ ಬೇರೆ," ಅಂದ. ಹೌದಲ್ಲ, ಅವನು ಹೇಳುವುದರಲ್ಲೂ ಅರ್ಥ ಇದೆಯಲ್ಲ ಅನ್ನಿಸಿತು.

ಆಮೇಲೆ ಊಟದ ಬಿಡುವು. ಎಲ್ಲರೂ ಎದ್ದರು. ಅವರ ವಕೀಲ ಕಡತ ಕಂಕುಳಲ್ಲಿ ಇಟ್ಟುಕೊಂಡು ಅಧ್ಯಕ್ಷೆಗೆ ಕೈಮುಗಿದು, "ಥ್ಯಾಂಕ್ಸ್ ಮೇಡಂ, ಬರ್ತೀನಿ," ಅಂದ.

ನನಗೆ ತಕ್ಷಣ ಹೊಳೆಯಲಿಲ್ಲ ಅಪ್ಪ. ಬಾಗಿಲು ದಾಟುವಾಗ ಹೊಳೆಯಿತು. ನಮ್ಮ ವಕೀಲೆಯ ತೋಳು ಹಿಡಿದು ಹೇಳಿದೆ. ಅವಳು ಊಟವನ್ನೇ ಮಾಡಲಿಲ್ಲ.

ಎರಡು ಗಂಟೆಗೆ ಎಲ್ಲರೂ ಬಂದು ಕೂತರು. ಇವಳು ಎದ್ದು, "ಮೇಡಂ, ಕ್ಲಬ್ಬಿನ ವಕೀಲರು ಒಂದು ಗಂಟೆಗೆ ರಾಜೀನಾಮೆ ಕೊಟ್ಟು ಹೋಗಿದ್ದಾರೆ. ಈಗ ಅವರು ವಾದ ಮಾಡೋ ಹಾಗಿಲ್ಲ," ಅಂದಳು.

ಅವನು, "ಏನ್ರೀ ಇದು!" ಅಂತ ಕೂಗಿದ.

"ಮೇಡಂಗೆ ಥ್ಯಾಂಕ್ಸ್ ಹೇಳಿ ಬರ್ತೀನಿ ಅಂದ್ರಲ್ಲ ಸಾರ್. ಲೋಕಕ್ಕೇ ಗೊತ್ತು."

ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿಕೊಂಡರು. ನಗು ತಡೆದುಕೊಳ್ಳುತ್ತಿದ್ದರು. "ವಕೀಲರೇ, ನೀವು ವಾಪಸ್ ಬಂದಿದ್ದೀರಿ. ಆಕೆಯೂ ವಾಪಸ್ ಬಂದಿದ್ದಾರೆ. ನಿಮ್ಮನ್ನ ನಾನು ಒಳಗೆ ಬಿಟ್ಟೆ. ಆಕೇನ ನೀವು ಬಿಡಲಿಲ್ಲ. ವ್ಯತ್ಯಾಸ ಅಷ್ಟೇ ಅಲ್ವಾ?" ಅಂದರು. ಗೇಟಕ್ಕ ಹಿಂದಿನ ಬೆಂಚಿನಲ್ಲಿ ಜೋರಾಗಿ ನಕ್ಕು ಬೈಸಿಕೊಂಡಳು.

ತೀರ್ಪು ಮುಂದಿನ ತಿಂಗಳು. ಗೆದ್ದೆವು ಅಂತ ಈಗಲೇ ಬೀಗುವುದಿಲ್ಲ. ಚೆಂಡು ಕೈಗೆ ಬಂದ ಮೇಲೂ ಗೆರೆ ದಾಟಬಹುದು, ಕೀಪರಿಗೆ ಅದು ಗೊತ್ತು. ನಾಳೆಯೂ ಏಳೂವರೆ.

ನಿನ್ನ ಮಗಳು


ಜೂನ್ 17

ಅಪ್ಪಾ,

ತೀರ್ಪು ಬಂತು. ಪೂರಾ ನಮ್ಮ ಕಡೆ.

ಈ ಆರು ತಿಂಗಳ ಸಂಬಳ ಅವರು ಕೊಡಬೇಕು, ಶಾಲೆಯಲ್ಲಿ ದುಡಿದದ್ದನ್ನು ಕಳೆದು. ಬಿಡುಗಡೆ ಪತ್ರ ಮೂರು ದಿನದೊಳಗೆ ಕೊಡಬೇಕು. ಜುಲೈನಿಂದ ಒಂದು ಸಣ್ಣ ತಂಡ ನನ್ನನ್ನು ಕರೆದಿದೆ. ಸಂಬಳ ಹಳೆಯದರ ಅರ್ಧಕ್ಕಿಂತ ಕಡಿಮೆ. ಉಳಿದದ್ದನ್ನು ಬರುವ ವರ್ಷ ಜೂನ್ ಮೂವತ್ತರವರೆಗೆ ಹಳೆಯವರು ತುಂಬಿಕೊಡಬೇಕು. ಇನ್ನೊಂದು ವರ್ಷ ಪ್ರತಿ ತಿಂಗಳು ಕಾರ್ಯದರ್ಶಿ ಚೆಕ್ಕಿನ ಮೇಲೆ ನನ್ನ ಹೆಸರು ಬರೆಯಬೇಕು. ಕಾಗುಣಿತ ಸರಿ ಬರೆಯಲಿ.

ಇವತ್ತು ಬೆಳಿಗ್ಗೆ ಕೊನೆಯ ಸಲ ಗೇಟಿಗೆ ಹೋದೆ. ಗೇಟಕ್ಕ ಪುಸ್ತಕ ತೆಗೆದಳು. "ಇವತ್ತೇನು ಬರೀಲಿ?" ಅಂದಳು. "ಬಂದರು, ಹೋದರು ಅಂತ ಬರೀರಿ," ಅಂದೆ. "ಛೀ, ಹೋದ್ರು ಅಂತ ಬರೀಬಾರ್ದು," ಅಂತ ಬೈದಳು. "ಬಂದರು" ಅಂತಷ್ಟೇ ಬರೆದಳು. ಇಬ್ಬರೂ ಅತ್ತೆವು.

ತೀರ್ಪಿನ ನಕಲು ಇದರೊಳಗಿದೆ. ನಾಲ್ಕನೇ ಪುಟದ ಕೊನೆಯ ಸಾಲು ನೋಡು. "ಆಟಗಾರ್ತಿಯು ಸ್ವಇಚ್ಚೆಯಿಂದ ತಂಡ ಬಿಟ್ಟಿರುವುದಿಲ್ಲ." ಮಂಡಳಿಯ ಟೈಪಿಸ್ಟ್‌ಗೂ ಮಹಾಪ್ರಾಣ ಬರುವುದಿಲ್ಲ. ಅದೇ ಪದ, ಅದೇ ಒತ್ತಕ್ಷರ, ಅದೇ ತಪ್ಪು. ಓದಿ ತುಂಬ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದೆ. ಈ ಸಾಲು ನನಗೆ ಮಾತ್ರ ಬರೆದದ್ದು ಅನ್ನಿಸಲಿಲ್ಲ. ಅಮ್ಮ ಓದಬೇಕಿತ್ತು.

ಜುಲೈ ಮೊದಲ ಶನಿವಾರ ಬರ್ತೀನಿ. ಹೊರಡುವಾಗ ಹೇಳುವ ಬರ್ತೀನಿ ಅಲ್ಲ ಇದು.

ನಿನ್ನ ಮಗಳು


ಜೂನ್ 21

ಮಗಳೇ,

ಕಾಗದ, ತೀರ್ಪು ಎರಡೂ ತಲುಪಿದವು. ನಾಲ್ಕನೇ ಪುಟದ ಕೊನೆಯ ಸಾಲು ನೋಡಿದೆ. ಕೈ ತಾನಾಗಿ ಜೇಬಿಗೆ ಹೋಯಿತು. ಪೆನ್ನಿನ ಮುಚ್ಚಳ ತೆಗೆದೆ. ಮತ್ತೆ ಮುಚ್ಚಿದೆ.

ಒತ್ತಕ್ಷರ ತಪ್ಪು. ವಾಕ್ಯ ಸರಿ. ಹಾಗೇ ಇರಲಿ.

ನನ್ನ ಹಳೆಯ ರಾಜೀನಾಮೆಯ ನಕಲನ್ನು ಪೆಟ್ಟಿಗೆಯಿಂದ ತೆಗೆದು ಅದರ ಮೇಲೆ ಇದನ್ನು ಇಟ್ಟಿದ್ದೇನೆ. ನಿಮ್ಮಮ್ಮನ ಹೊಲಿಗೆ ಯಂತ್ರದ ಮೇಲೆ, ಅವಳ ಪಟದ ಎದುರಿಗೆ. ಎರಡನ್ನೂ ಅವಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ಪಕ್ಕದ ಮನೆಯವರಿಗೆಲ್ಲ ಕೇಳಿಸಿರಬೇಕು. ಕೇಳಿಸಲಿ.

ಶನಿವಾರ ನಾನು ಕೆಲಸಕ್ಕೆ ಹೋಗುವುದಿಲ್ಲ. ಕರೆಗಂಟೆ ನನಗೆ ಕೇಳಿಸುವುದಿಲ್ಲ, ಅದಕ್ಕೇ ಬಾಗಿಲು ತೆಗೆದೇ ಇಟ್ಟಿರುತ್ತೇನೆ. ಯಾರೂ ನಿನ್ನ ಸಹಿ ಕೇಳುವುದಿಲ್ಲ.

ಬಾ.

ಅಪ್ಪ